ಹಗ್ಗ ಹಿಡಿಯುವವರು

“ಬಿಡಿ!” ಎಂದು ಕೂಗಿದವಳು ವಾಣಿಶ್ರೀ. ಬಿಡದೆ ಉಳಿದವಳೂ ಅವಳೇ.

ರಾಟೆಯ ಆಚೆ ತೂಗುತ್ತಿದ್ದ ಮರಳಿನ ಮೂಟೆ ಧೊಪ್ಪೆಂದು ನೆಲಕ್ಕೆ ಬಿತ್ತು. ಈಚೆ, ಎಲ್ಲರೂ ಕೈಬಿಟ್ಟ ಹಗ್ಗ ಸರ್ರನೆ ಮೇಲಕ್ಕೆ ಹೋಯಿತು. ಅದರ ಜೊತೆ ಅವಳ ಕೈಗಳೂ ಹೋದವು. ಒಂದು ಕ್ಷಣ ಹಿಮ್ಮಡಿ ನೆಲ ಬಿಟ್ಟಿತು. ಆಮೇಲೆ ಹಗ್ಗವೇ ಅಂಗೈ ಉಜ್ಜಿಕೊಂಡು ಜಾರಿಹೋಯಿತು.

“ಏನ್ ಗೈಡ್ ಮೇಡಂ, ರೂಲ್ಸು ಬರೀ ನಮಗಾ?” ಎಂದ ವಾಸುದೇವ. ಗಂಡನ ಆಫೀಸಿನ ಗೆಳೆಯ.

“ಅವಳದು ಹಾಗೇ ಕಣೋ,” ಎಂದ ಗಂಡ ನಾಗಾರ್ಜುನ. “ಹತ್ತು ವರ್ಷದ ಕುಕ್ಕರ್ ಗ್ಯಾಸ್ಕೆಟ್ಟನ್ನೂ ಬಿಡಲ್ಲ.”

ಎಲ್ಲರೂ ನಕ್ಕರು. ಅವಳೂ ನಕ್ಕಳು. ಅಂಗೈ ತಿರುಗಿಸಿ ನೋಡಿದಳು. ಕೆಂಪು ಗೆರೆ, ಈ ಬದಿಯಿಂದ ಆ ಬದಿಗೆ. ಬೇರೆ ಯಾರದೋ ಅಂಗೈ ನೋಡಿದಂತಿತ್ತು. ಬಾಯಿ ಹೇಳಿದ್ದನ್ನು ಕೈ ಏಕೆ ಕೇಳಲಿಲ್ಲ?

ತಾವಿರುವ ಮಿಲ್ಪಿಟಾಸ್‌ನಿಂದ ಮೂರು ಕಾರು ತುಂಬಾ ಬಂದಿದ್ದರು. ಹಳೆಯ ನೌಕಾಪಡೆಯ ವಿಮಾನ ನಿಲ್ದಾಣದ ಪಕ್ಕದ ಈ ಸಣ್ಣ ಮ್ಯೂಸಿಯಮ್ಮಿನಲ್ಲಿ ಅವಳು ಪ್ರತಿ ಶನಿವಾರ ಸಂಬಳವಿಲ್ಲದೆ ಗೈಡು. ನಿಲ್ದಾಣದಲ್ಲಿ ಗುಡ್ಡದಂತೆ ನಿಂತ ಹ್ಯಾಂಗರನ್ನು ಫ್ರೀವೇಯಿಂದ ದಿನವೂ ನೋಡುವವರು ಒಳಗೆ ಏನಿತ್ತೆಂದು ಕೇಳಿದವರಲ್ಲ. ಗಾಳಿಹಡಗು ಇತ್ತು, ಹಗುರ ಅನಿಲ ತುಂಬಿದ ಭಾರೀ ಬಲೂನಿನಂಥದ್ದು. ಎರಡು ಮಹಾಯುದ್ಧಗಳ ನಡುವೆ, ಹೊಟ್ಟೆಯೊಳಗೆ ಪುಟ್ಟ ವಿಮಾನಗಳನ್ನು ಹೊತ್ತು ಹಾರುತ್ತಿದ್ದ ಹಡಗು. ಅದು ಎರಡು ವರ್ಷವೂ ಬಾಳಲಿಲ್ಲ. ಅದರ ಮನೆಯಾಗಿದ್ದ ಹ್ಯಾಂಗರು ಮಾತ್ರ ಉಳಿಯಿತು.

ಹಡಗು ಇಳಿಯುವಾಗ ನಾವಿಕರು ಸಾಲಾಗಿ ನಿಂತು ಹಗ್ಗ ಹಿಡಿಯಬೇಕಿತ್ತು. ಗಾಳಿ ಎತ್ತಿತೋ, ಬಿಡು ಎಂಬ ಕೂಗಿಗೆ ಎಲ್ಲರೂ ಒಟ್ಟಿಗೆ ಬಿಡಬೇಕು. ತಡಮಾಡಿದವನು ಹಡಗಿನ ಜೊತೆ ಮೇಲಕ್ಕೆ. ಹಾಗೆ ಹೋದವರಿದ್ದಾರೆ. ಬಿದ್ದವರೂ ಇದ್ದಾರೆ.

ಇದನ್ನು ತೋರಿಸಲೆಂದೇ ಅಂಗಳದಲ್ಲಿ ರಾಟೆ ಕಟ್ಟಿದ್ದರು. ಆದರೆ ಹಗ್ಗ ಕೈಗೆ ಸಿಕ್ಕಿದ್ದೇ ತಡ, ಗಂಡಸರು ಕನ್ನಡ ಕೂಟದ ಪಿಕ್ನಿಕ್ಕಿಗೆ ಬಂದವರಂತೆ ಕಾಲೂರಿ “ಐಸಾ!” ಎಂದು ಜಗ್ಗತೊಡಗಿದ್ದರು. ಮೂಟೆ ರಾಟೆಗೆ ಬಡಿಯಿತು.

“ಇದು ಹಗ್ಗ ಜಗ್ಗಾಟ ಅಲ್ಲ ರೀ,” ಎಂದು ಅವಳು ನಗುತ್ತಲೇ ಗದರಿದ್ದಳು. “ಇಲ್ಲಿ ಗೆಲ್ಲೋದು ಅಂದ್ರೆ ಬಿಡೋದು.”

ಹೇಳಿದ ಮೇಲೆ ಅದೇ ತಲೆಯಲ್ಲಿ ಕೊರೆಯಿತು. ಆಗ ಭಾನುವಾರ ಆ ನಾವಿಕ ಹುಡುಗರೇ ಬೇಸ್‌ಬಾಲ್ ಆಡುತ್ತಿದ್ದರು, ಹಗ್ಗ ಜಗ್ಗುತ್ತಿದ್ದರು. ಅಲ್ಲಿ ಬಿಡದವನಿಗೆ ಬಹುಮಾನ. ಸೋಮವಾರ ಬಿಡದವನಿಗೆ ಆಕಾಶ. ಒಂದೇ ಕೈಗೆ ಎರಡನ್ನೂ ಹೇಗೆ ಕಲಿಸಿದರು?

ವಾಸುದೇವನ ಮನೆಯವರು, ಉಳಿದವರು ಊಟಕ್ಕೆ ಹೊರಟರು. ಇವರ ಕಾರು ಗಿಲ್‌ರಾಯ್ ಕಡೆಗೆ ತಿರುಗಿತು. ಅಲ್ಲಿ ಕೊಳ್ಳಲಿರುವ ಹೊಸ ಮನೆ. ಇವತ್ತು ಸಹಿ.

ಅವಳು ಗಂಡನಿಗೆ ಹೇಳಬೇಕಾದದ್ದೊಂದು ಇತ್ತು. ಗುರುವಾರ ಮ್ಯೂಸಿಯಂ ನಡೆಸುವ ಮುದುಕಿ ಅವಳನ್ನು ಕರೆದು, ಇನ್ನು ಸಂಬಳ ಕೊಡುತ್ತೇವೆ, ವಾರಕ್ಕೆ ಮೂರು ದಿನ ಬಾ, ಸೋಮವಾರ ಉತ್ತರ ಹೇಳು ಎಂದಿದ್ದಳು. ಹಾಸನದ ಕಾಲೇಜಿನಲ್ಲಿ ಇತಿಹಾಸ ಹೇಳುತ್ತಿದ್ದುದನ್ನು ಬಿಟ್ಟು ಬಂದ ಮೇಲೆ ಯಾರೂ ಅವಳಿಗೆ ಆಡಿರದ ಮಾತು. “ಮನೆಯಲ್ಲಿ ಕೇಳಿ ಹೇಳ್ತೀನಿ,” ಎಂದು ಬಂದಿದ್ದಳು. ಕೇಳಿರಲಿಲ್ಲ. ಗಿಲ್‌ರಾಯ್‌ನಿಂದ ಮ್ಯೂಸಿಯಮ್ಮಿಗೆ ಬರುವುದೆಂದರೆ ಸುಮಾರು ಒಂದು ಗಂಟೆಯ ಫ್ರೀವೇ. ಫ್ರೀವೇಯಲ್ಲಿ ಅವಳು ಕಾರು ಓಡಿಸುವುದಿಲ್ಲ.

ಸಹಿಗೆ ಮುಂಚೆ ಹೇಳುತ್ತೇನೋ ಇಲ್ಲವೋ? ಬೇರೆಯವರ ಆಟ ನೋಡುವವಳಂತೆ ಅವಳು ಕಾದಳು.

“ಅಮ್ಮಾ, ವೈ ಡಿಡಿಂಟ್ ಯು ಲೆಟ್ ಗೋ?” ಹಿಂದಿನ ಸೀಟಿನಿಂದ ಮಗಳು ಲಾಸ್ಯಾ.

“ಗೊತ್ತಾಗ್ಲಿಲ್ಲ ಪುಟ್ಟ.”

“ಬಟ್ ಯು ಸೆಡ್ ಇಟ್.”

“ಹೂಂ.”

“ಕೈ ಉರೀತಿದ್ಯಾ?” ನಾಗಾರ್ಜುನ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

“ಇಲ್ಲ. ರೀ…”

“ಏನು?”

“ಎಸಿ ಸ್ವಲ್ಪ ಕಮ್ಮಿ ಮಾಡಿ.”

ಅವನು ಕಮ್ಮಿ ಮಾಡಿದ. ಒಳ್ಳೆಯವನು. ಕೇಳಿದ್ದಕ್ಕೆ ಯಾವತ್ತೂ ಇಲ್ಲ ಎಂದವನಲ್ಲ. ಅದೇ ತೊಡಕು. ಅವಳೇ ಬಾಯಿಬಿಟ್ಟು ಕೇಳಬೇಕಿತ್ತು.

ಬೆಳ್ಳುಳ್ಳಿಗೆ ಹೆಸರಾದ ಗಿಲ್‌ರಾಯ್‌ನಲ್ಲಿ ಅದರ ವಾಸನೆ ಮುಚ್ಚಿದ ಕಿಟಕಿಯೊಳಗೂ ಬಂತು. ಮನೆ ಚೆನ್ನಾಗಿತ್ತು. ಎತ್ತರದ ಚಾವಣಿಯ ಅಡುಗೆಮನೆಯಲ್ಲಿ ಮಾತಾಡಿದರೆ ಮಾತು ಮೇಲಕ್ಕೆ ಹೋಗಿ ನಿಧಾನವಾಗಿ ಇಳಿಯುತ್ತಿತ್ತು.

“ನಿಂಗೆ ಓಕೆ ತಾನೇ?” ಎಂದ ಅವನು.

“ನಿಮಗೆ ಹೇಗನ್ಸುತ್ತೋ ಹಾಗೆ.”

ತನ್ನದೇ ದನಿಯನ್ನು ಅವಳು ಆಸಕ್ತಿಯಿಂದ ಕೇಳಿಸಿಕೊಂಡಳು. ಎಷ್ಟು ಸಲೀಸಾಗಿ ಬಂತು!

“ದೆನ್ ಅಮ್ಮಾಸ್ ಮ್ಯೂಸಿಯಂ?” ಎಂದಳು ಲಾಸ್ಯಾ.

“ಇಲ್ಲೂ ಒಂದು ಇದ್ದೇ ಇರತ್ತೆ ಬಿಡು. ಬೆಳ್ಳುಳ್ಳಿ ಮ್ಯೂಸಿಯಂ.” ಅವನು ನಕ್ಕ. ಅವಳೂ ನಕ್ಕಳು. ಮಗಳು ನಗಲಿಲ್ಲ.

ಅಪ್ಪ, ಮಗಳು ಸೇಲ್ಸ್ ಆಫೀಸಿನೊಳಗೆ ಹೋದರು. “ಒಂದ್ನಿಮಿಷ ಗಾಳಿಗೆ ನಿಲ್ತೀನಿ,” ಎಂದು ಅವಳು ಹೊರಗೇ ಉಳಿದಳು.

ಗೇಟಿನ ಬಳಿ, ಮನೆ ಕೊಳ್ಳುವವರನ್ನು ಕರೆಯಲು ಗಾಳಿ ತುಂಬಿ ನಿಲ್ಲಿಸಿದ್ದ ಬಟ್ಟೆಯ ಮನುಷ್ಯ ಕುಣಿಯುತ್ತಿದ್ದ. ಎರಡಾಳುದ್ದ, ಕಿತ್ತಳೆ ಬಣ್ಣ. ಕಾಲು ಫ್ಯಾನಿಗೆ ಕಟ್ಟಿತ್ತು. ಗಾಳಿ ನುಗ್ಗಿದಷ್ಟೂ ಅವನು ಎರಡೂ ಕೈ ಎತ್ತಿ ಸಂಭ್ರಮಿಸುತ್ತಿದ್ದ, ನಡು ಮುರಿದು ಬೀಳುತ್ತಿದ್ದ, ಮತ್ತೆ ಏಳುತ್ತಿದ್ದ. ಹೊಲಿದ ನಗು ಮಾತ್ರ ಒಂದೇ.

ಕೆಲಸದವನೊಬ್ಬ ಬಂದು ಫ್ಯಾನಿನ ಸ್ವಿಚ್ಚು ಆರಿಸಿದ.

“ವಾಣೀ, ಬಾ! ನಿನ್ನ ಸೈನೂ ಬೇಕಂತೆ,” ಒಳಗಿನಿಂದ ನಾಗಾರ್ಜುನ ಕರೆದ.

ಮೊದಲು ಬಟ್ಟೆಯ ಮನುಷ್ಯನ ನಡು ಬಾಗಿತು. ತಲೆ ಎದೆಯೊಳಗೆ ಕುಸಿಯಿತು. ಉಳಿದ ಗಾಳಿ ಒಂದು ತೋಳಿನೊಳಗೆ ಸಿಕ್ಕಿಕೊಂಡು ಆ ಕೈ ಮಾತ್ರ ನೆಟ್ಟಗೆ ನಿಂತಿತು, ತರಗತಿಯಲ್ಲಿ ಉತ್ತರ ಗೊತ್ತಿದ್ದ ಹುಡುಗಿಯ ಕೈಯಂತೆ. ಕೆಲಸದವನು ಎದೆಯ ಮೇಲೆ ಮಂಡಿಯೂರಿ, ಆ ಕೈಯನ್ನೂ ಒತ್ತತೊಡಗಿದ.