ಒಂದೂವರೆ ಸುತ್ತು

ದಿಲ್ಲಿಯವರು ಬರುವ ಸುದ್ದಿಯನ್ನು ನರಸಿಂಹುಲು ಹೆಂಡತಿಗೆ ಅರ್ಧವೇ ಹೇಳಿದ್ದ. ಉಳಿದ ಅರ್ಧ ತನ್ನಲ್ಲೇ ಇಟ್ಟುಕೊಂಡಿದ್ದ.

ಹೇಳಿದ್ದು ಇಷ್ಟು: "ನಾಳೆ ದಿಲ್ಲಿಯಿಂದ ಸಾಬರು ಬರ್ಲಾಕತ್ತಾರ. ನೀರಿನ ಕೆಲಸಕ್ಕ ರೊಕ್ಕ ಕೊಡಾಕ." ಹೇಳದೆ ಉಳಿದದ್ದು: ರೊಕ್ಕ ಪಟ್ನಕ್ಕೆ, ಹುಲಗೇರಕ್ಕಲ್ಲ, ಮತ್ತು ಆ ರೊಕ್ಕ ಬರಬೇಕಾದರೆ ಹುಲಗೇರದ ನೀರು ನಿಲ್ಲಬೇಕು.

ಪಟ್ನ ಎಂದರೆ ಈ ಕಡೆಯ ಬಾಯಲ್ಲಿ ಹೈದರಾಬಾದು ಒಂದೇ. ಮಂಜೀರಾ ಹೊಳೆಯ ನೀರನ್ನು ಅಲ್ಲಿಗೆ ಒಯ್ಯುವ ಆಳೆತ್ತರದ ಕೊಳವೆ ಹುಲಗೇರದ ಮಗ್ಗುಲಲ್ಲೇ ಹಾಯ್ದು ಹೋಗುತ್ತದೆ. ಆ ಕೊಳವೆಯ ಹದಿನೆಂಟು ಕಿಲೋಮೀಟರಿಗೆ ನರಸಿಂಹುಲು ಲೈನ್‌ಮನ್. ಕೊಳವೆಯ ಬೆನ್ನ ಮೇಲೆ ಅಲ್ಲಲ್ಲಿ ಗಾಳಿ ಬಿಡಲೆಂದು ಏರ್ ವಾಲ್ ಇಟ್ಟಿರುತ್ತಾರೆ. ಅಂಥದ್ದೊಂದು ಅವನ ಕೇರಿಯ ಬಾಯಲ್ಲೇ ಇದೆ. ಹನ್ನೊಂದು ವರ್ಷದ ಹಿಂದೆ, ಒಂದು ಬೇಸಿಗೆಯಲ್ಲಿ, ಆತ ಪಾನಾ ಹಾಕಿ ಅದರ ನಟ್ಟನ್ನು ಒಂದೂವರೆ ಸುತ್ತು ಸಡಿಲಿಸಿದ್ದ. ಅಂದಿನಿಂದ ಅಲ್ಲಿ ನೀರು ಚಿಮ್ಮುತ್ತಲೇ ಇದೆ. ನಲವತ್ತೆರಡು ಮನೆ ಅದನ್ನೇ ಕುಡಿಯುತ್ತವೆ. ಅದಕ್ಕೆ ಮೊದಲು ಊರ ಬಾವಿಯಲ್ಲಿ ಅವನ ಕೇರಿಯ ಹೆಂಗಸರು ಹಗ್ಗ ಮುಟ್ಟುವಂತಿರಲಿಲ್ಲ. ಯಾರಾದರೂ ಸೇದಿ ಹೊಯ್ಯುವವರೆಗೆ ಕೊಡ ಹಿಡಿದು ನಿಲ್ಲಬೇಕಿತ್ತು. ಬಾವಿ ಬತ್ತಿತು. ಈಗ ರೈತರ ಮನೆಯ ಶಂಕರಮ್ಮನೂ ಈ ಕೇರಿಗೇ ಕೊಡ ತರುತ್ತಾಳೆ, ಮೊದಲು ಬಂದವರ ಹಿಂದೆ ನಿಲ್ಲುತ್ತಾಳೆ. ಪಾಳಿ ತಪ್ಪಿದರೆ ಜಗಳ, ಜಾತಿ ಕೇಳುವಷ್ಟು ಪುರಸೊತ್ತು ಯಾರಿಗೂ ಇಲ್ಲ.

ನಿನ್ನೆ ಸಂಜೆ ನಟ್ಟು ಬಿಗಿ ಮಾಡಲೆಂದು ಆತ ಪಾನಾ ಹಿಡಿದು ಹೋದದ್ದು ನಿಜ. ವಾಲಿನ ಮುಂದೆ ಹನ್ನೆರಡು ಕೊಡ ಪಾಳಿಯಲ್ಲಿದ್ದವು. ಶಂಕರಮ್ಮನ ಎಮ್ಮೆ ದನ ಕುಡಿಯುವ ಡೋಣಿಗೆ ಮೂತಿ ಇಟ್ಟು ಕಣ್ಣು ಮುಚ್ಚಿ ಹೀರುತ್ತಿತ್ತು. "ಏನೋ ನರಸ್ಯಾ, ಪಾನಾ ಹಿಡದು ನಿಂತಿ? ಇನ್ನಾ ಚೂರು ಜಾಸ್ತಿ ಬಿಡಾಕ ಬಂದಿಯೇನು?" ಎಂದು ಶಂಕರಮ್ಮ ನಕ್ಕಳು. ಆತನೂ ನಕ್ಕ. ನಕ್ಕು ವಾಪಸು ಬಂದ.

ಬೆಳಿಗ್ಗೆ ಆರಕ್ಕೇ ಜಹೀರಾಬಾದಿನಿಂದ ಇಂಜಿನಿಯರ್ ಕಾಶಿನಾಥರ ಫೋನು.

"ಹುಲಗೇರಾ ವಾಲ್ ಬಿಗಿ ಆತಾ?"

"ಆತ್ರಿ ಸಾಬ್."

"ಖರೇನಾ?"

"ನಿನ್ನೆನೇ ಮಾಡೀನ್ರಿ."

ಸುಳ್ಳು ಬಾಯಿಂದ ಬಿದ್ದ ಮೇಲೆ ಗೊತ್ತಾಯಿತು ಎಷ್ಟು ಸಲೀಸಾಗಿ ಬಿತ್ತೆಂದು. ದಾರಿಯಲ್ಲಿ ಒಂದು ನಿಮಿಷ ನಿಂತು ಬಿಗಿ ಮಾಡಿದರಾಯಿತು ಎಂದುಕೊಂಡಿದ್ದ. ಆದರೆ ಕಾಶಿನಾಥರು, "ಸೀದಾ ಪಂಪ್‌ಹೌಸಿಗಿ ಬಾ, ದಿಲ್ಲಿಯವ್ರ ಗಾಡಿ ಬಿಟ್ಟಾವ" ಎಂದರು. ಕೇರಿಯ ಬಾಯಲ್ಲಿ ಆಗಲೇ ಕೊಡಗಳ ಪಾಳಿ ಇತ್ತು; ಅಲ್ಲಿ ನಿಲ್ಲಿಸದೆ ನರಸಿಂಹುಲು ತನ್ನ ಬೈಕನ್ನು ನಾರಾಯಣಖೇಡದ ರಸ್ತೆಗೆ ಹಾಕಿದ.

ಅರ್ಧ ದಾರಿಯಲ್ಲಿ ಮಗಳ ಫೋನು. ಶಿಲ್ಪಾರಾಣಿ ಪಟ್ನದಲ್ಲಿ ಒಂದು ದವಾಖಾನೆಯಲ್ಲಿ ಆಯಾ. ಗಂಡ ಗಾರೆ ಕೆಲಸ. ಗುಡ್ಡದ ಮೇಲಿನ ಒಂದು ಗಲ್ಲಿಯಲ್ಲಿ ಬಾಡಿಗೆ ಕೋಣೆ. ಕೊಳವೆಯ ಕಟ್ಟಕಡೆಯ ತುದಿ ಅದು. ನೀರು ಮೂರು ದಿನಕ್ಕೊಮ್ಮೆ, ಅದೂ ಎರಡು ಬಿಂದಿಗೆ ತುಂಬುವಷ್ಟರಲ್ಲಿ ಸಣ್ಣಗಾಗಿಬಿಡುತ್ತದೆ. ತಿಂಗಳಿಗೊಮ್ಮೆ ಆಕೆ ಮನೆಯ ಕೌದಿ, ಹಾಸಿಗೆ, ಮಕ್ಕಳ ಬಟ್ಟೆ ಎಲ್ಲ ಗಂಟು ಕಟ್ಟಿ ಬಸ್ಸಿನಲ್ಲಿ ಹುಲಗೇರಕ್ಕೆ ತರುತ್ತಾಳೆ, ಇದೇ ವಾಲಿನ ಕೆಳಗೆ ಒಗೆದು ಒಣಗಿಸಿ ಒಯ್ಯುತ್ತಾಳೆ. ಪಟ್ನಕ್ಕೆ ಹೋಗಬೇಕಾದ ನೀರಿನಲ್ಲಿ ಪಟ್ನದ ಕೌದಿ ಇಲ್ಲಿ ಒಗೆದು ಹೋಗುವುದು ನೋಡಿ ನರಸಿಂಹುಲುಗೆ ನಗು ಬರುತ್ತಿತ್ತು. ಇವತ್ತು ಬರಲಿಲ್ಲ.

"ಅಪ್ಪಾ, ದಿಲ್ಲಿ ರೊಕ್ಕ ಬಂದ್ರ ನಮ್ಮ ಗಲ್ಲಿಗಿ ಹೊಸ ಪೈಪ್ ಹಾಕ್ತಾರಂತ. ಅಳತಿ ಸುದ್ದಾ ಮಾಡಿ ಹೋಗ್ಯಾರ. ನಿಮ್ಮ ಲೈನಿಗಿ ಇವತ್ತ ಪಾಸ್ ಮಾಡಾಕ ಬರ್ಲಾಕತ್ತಾರಂತಲ್ಲ? ಚೊಲೊ ಮಾಡಿ ತೋರ್ಸಪ್ಪಾ."

"ಹ್ಞೂಂ ಬೇಟಿ. ತೋರಸ್ತೀನಿ."

ಪಂಪ್‌ಹೌಸಿನ ಕಾವಲುಗಾರ ಕಲ್ಯಾಣಪ್ಪ ಗೇಟಿನ ಬಳಿ ಬೀಡಿ ಸೇದುತ್ತ ಕುಳಿತಿದ್ದ. ಕಲ್ಹೇರ್ ಕಡೆಯವನು, ನಾಲಿಗೆ ಚೂಪು.

"ಬಾ ಬಾ. ನಿಮ್ಮ ಬೀಗರು ಇನ್ನಾ ಬಂದಿಲ್ಲ," ಎಂದ. "ಅಲ್ಲೋ ನರಸಿಂಹುಲು, ಪಟ್ನಕ್ಕ ಏನ್ ಕಮ್ಮಿ ಅದ? ಮ್ಯಾಲ ರೈಲ್ ಓಡ್ತದ, ಕೆಳಗ ಕಾರ್ ಓಡ್ತಾವ. ಅದಕ್ಕ ದಿಲ್ಲಿಯವ್ರು ಮತ್ತ ರೊಕ್ಕ ಕೊಡ್ತಾರ. ಉಂಡೋನ ಎಲಿಗೇ ಹೋಳಿಗಿ. ನಮ್ಮ ಎಲಿ ಮ್ಯಾಲ ಉಪ್ಪೂ ಇಲ್ಲ."

"ಪಟ್ನದಾಗ ಎಲ್ಲಾರೂ ಉಂಡೋರೇ ಏನಪ್ಪಾ? ನನ್ನ ಮಗಳು ಉಂಡಾಳೇನು?"

"ಆಕಿನ್ನ ಅಲ್ಲಿ ಹೋಗು ಅಂದೋರು ಯಾರು?"

"ಇಲ್ಲಿರು ಅಂದೋರಾದ್ರೂ ಯಾರು?"

ಕಲ್ಯಾಣಪ್ಪ ಉತ್ತರ ಕೊಡುವಷ್ಟರಲ್ಲಿ ಎರಡು ಬಿಳಿ ಗಾಡಿ ಬಂದವು. ಮುಂದಿನದರಿಂದ ಕಾಶಿನಾಥರು ಇಳಿದರು. ತಾಂಡೂರಿನವರು, ಮಾತು ಕಡಿಮೆ, ಬೆವರು ಹೆಚ್ಚು. ಹಿಂದಿನ ಗಾಡಿಯಿಂದ ದಿಲ್ಲಿಯ ಅಧಿಕಾರಿ ಮೀನಾ ಮೇಡಮ್ ಇಳಿದರು. ನಲವತ್ತೈದರ ಹೆಂಗಸು, ಕಾಲಲ್ಲಿ ಬೂಟು, ಕೈಯಲ್ಲಿ ಫಾರಮ್ಮಿನ ದಪ್ಪ ಕಟ್ಟು. ಕಾಶಿನಾಥರೊಡನೆ ಹಿಂದಿಯಲ್ಲಿ ನಾಲ್ಕು ಮಾತಾಡಿ ನೇರ ಕೆಲಸಕ್ಕೆ ನಿಂತರು.

ಮೊದಲ ವಾಲ್ ಒಣಗಿತ್ತು. ಎರಡನೆಯದೂ. ಮೇಡಮ್ ಬಗ್ಗಿ, ಕೈಯಿಂದ ಮುಟ್ಟಿ ನೋಡಿ, ಬರೆದುಕೊಂಡರು. ಮುಂದಿನದು ಹುಲಗೇರಾ.

"ಸಾಬ್, ನಾ ಮುಂದ ನನ್ನ ಗಾಡಿ ಮ್ಯಾಲ ಹೋಗ್ಲಾ? ದಾರಿ ಕೆಟ್ಟದ, ಕಲ್ಲು ಸರಸ್ತೀನಿ," ಎಂದ ನರಸಿಂಹುಲು. ಮೇಡಮ್ ತಲೆ ಎತ್ತದೆ ತಮ್ಮ ಗಾಡಿಯ ಕಡೆ ಕೈ ಮಾಡಿದರು. ಜೊತೆಗೇ ಹೋಗೋಣ ಎಂದು ಅದರರ್ಥ. ಪಾನಾವನ್ನು ತೊಡೆಯ ಮೇಲಿಟ್ಟುಕೊಂಡು ಆತ ಹಿಂದಿನ ಸೀಟಿನಲ್ಲಿ ಕುಳಿತ. ಬೆನ್ನು ಸೀಟಿಗೆ ತಾಗಲಿಲ್ಲ.

ಊರು ಕಾಣುವ ಮೊದಲೇ ಹಲಗೆ ಬಾರಿಸುವ ಸದ್ದು ಕೇಳಿಸಿತು.

"ಯಾರದರ ಲಗ್ನ ಅದೇನು?" ಕಾಶಿನಾಥರು ಕೇಳಿದರು.

ನರಸಿಂಹುಲುಗೆ ಗೊತ್ತಾಗಿಹೋಯಿತು. ಆ ಕೈ ದೇವಿದಾಸನದು, ಮೈದುನನದು.

ತಿರುವಿನಲ್ಲಿ ಗಾಡಿ ಹೊರಳಿತು. ವಾಲಿನ ಸುತ್ತಲಿನ ಕಟ್ಟೆಗೆ ಹೊಸದಾಗಿ ಸುಣ್ಣ ಬಳಿದಿದ್ದರು. ನಟ್ಟಿಗೆ ಅರಿಶಿನ ಮೆತ್ತಿ ಕುಂಕುಮ ಇಟ್ಟಿದ್ದರು, ಬೇವಿನ ಸೊಪ್ಪು ಕಟ್ಟಿದ್ದರು. ಗ್ರಾಮದೇವತೆ ಮೈಸಮ್ಮನಿಗೆ ಮಾಡುವಂತೆ ನಿಂಬೆಹಣ್ಣು, ಒಡೆದ ತೆಂಗಿನಕಾಯಿ. ಎಲ್ಲದರ ನಡುವಿನಿಂದ ನೀರು ಮೊಳದೆತ್ತರ ಚಿಮ್ಮುತ್ತಿತ್ತು, ಬಿಸಿಲಿಗೆ ಹೊಳೆಯುತ್ತಿತ್ತು. ತಾಂಡೂರಿನ ಪರಸಿ ಕಲ್ಲು ಜೋಡಿಸಿ ಕಟ್ಟಿದ ಡೋಣಿ ತುಂಬಿ ತುಳುಕುತ್ತಿತ್ತು. ಹೆಂಗಸರೆಲ್ಲ ತೊಳೆದ ಕೊಡಗಳನ್ನು ಸಾಲಾಗಿ ಇಟ್ಟು ನಿಂತಿದ್ದರು. ಊರಿಗೆ ಸರ್ಕಾರದವರು ಬಂದರೆ ಹೀಗೇ ಎದುರುಗೊಳ್ಳುವುದು. ಬರಿಗೈಯಲ್ಲಿ ನಿಂತರೆ ಕೊಡಲು ಬಂದವರೂ ಕೊಡುವುದಿಲ್ಲ ಎಂಬುದು ಹಿರಿಯರು ಕಲಿಸಿದ್ದು.

ಕಾಶಿನಾಥರ ಮುಖ ಸುಣ್ಣವಾಯಿತು. ಇಳಿಯುತ್ತಲೇ ನರಸಿಂಹುಲುವಿನ ರಟ್ಟೆ ಹಿಡಿದು ಕನ್ನಡದಲ್ಲಿ ಪಿಸುಗುಟ್ಟಿದರು: "ಬಿಗಿ ಮಾಡೀನಿ ಅಂದಿದ್ದಿಯಲ್ಲ, ಹರಾಮಖೋರ! ಇವತ್ತ ಮುಂಜಾನಿನೇ ಒಡದದ ಅಂತ ಹೇಳು. ಆಕಿಗಿ ಕನ್ನಡ ಬರಂಗಿಲ್ಲ. ನಾ ಹಿಂದಿಯಾಗ ಸಂಭಾಳಸ್ತೀನಿ."

ನರಸಿಂಹುಲು ಹ್ಞೂಂ ಎನ್ನುವಷ್ಟರಲ್ಲಿ ಹೆಂಡತಿ ತುಳಜಾಬಾಯಿ ಆರತಿ ತಟ್ಟೆ ಹಿಡಿದು ಬಂದಿದ್ದಳು. ಮದುವೆಯಾದಾಗಿನಿಂದ ಗಂಡನನ್ನು ಇಷ್ಟು ಹೆಮ್ಮೆಯಿಂದ ಆಕೆ ನೋಡಿದ್ದಿಲ್ಲ.

"ಬರ್ರಿ ಬಾಯಿ, ಬರ್ರಿ," ಎಂದು ಮೇಡಮ್ಮಿನ ಹಣೆಗೆ ಕುಂಕುಮ ಹಚ್ಚಿದಳು. "ಹನ್ನೊಂದ ವರ್ಷ ಆತು, ಈ ತಾಯಿ ನಮ್ಮನ್ನ ಸಾಕ್ಲಾಕತ್ಯಾಳ. ಯಾರು ತಂದ್ರು ಅಂತೀರಿ? ಸರಪಂಚ ಅಲ್ಲ, ಎಮ್ಮೆಲ್ಲೆ ಅಲ್ಲ. ನಮ್ಮ ಮನಿಯವ್ರೇ! ತಮ್ಮ ಕೈಯಿಲೇ ಒಂದೂವರಿ ಸುತ್ತು ತಿರುವಿ ಬಿಟ್ಟಾರ."

ಹಲಗೆ ನಿಂತಿತು. ಯಾರೂ ನಿಲ್ಲಿಸು ಎನ್ನಲಿಲ್ಲ. ದೇವಿದಾಸ ಭಾವನ ಮುಖ ನೋಡಿದ್ದ.

ಕಾಶಿನಾಥರು ಹಿಂದಿಯಲ್ಲಿ ಏನೋ ಆರಂಭಿಸಿದರು. ಮೇಡಮ್ ಕೈ ಎತ್ತಿ ತಡೆದರು.

"ನನ್ನ ತವರ ಸೋಲಾಪುರ," ಎಂದರು ಕನ್ನಡದಲ್ಲಿ. "ನಮ್ಮಜ್ಜಿ ಜೋಡಿ ಕನ್ನಡಾನೇ ಮಾತಾಡ್ತಿದ್ದೆ."

ಕಾಶಿನಾಥರು ಕರವಸ್ತ್ರ ಹುಡುಕತೊಡಗಿದರು.

ಮೇಡಮ್ ಕಟ್ಟೆಯ ಅಂಚಿಗೆ ಕುಳಿತರು. ಕುಂಕುಮ ಒರೆಸಿಕೊಳ್ಳಲಿಲ್ಲ. "ನೋಡ್ರಿ ಬಾಯಿ, ಸುಳ್ಳು ಹೇಳಂಗಿಲ್ಲ ನಾ. ನಾ ತಂದದ್ದು ಪಟ್ನಕ್ಕ ಕೊಡೋ ರೊಕ್ಕ. ದಾರ್ಯಾಗ ಒಂದು ವಾಲ್ ಸೋರಿದ್ರೂ ರೊಕ್ಕ ಬಿಡಬ್ಯಾಡ ಅಂತ ಕರಾರ ಅದ. ಇದು ಬಂದ್ ಆಗಬೇಕು."

ತುಳಜಾಬಾಯಿಯ ಕೈಯಲ್ಲಿ ತಟ್ಟೆ ಓರೆಯಾಯಿತು. ಗಂಡನ ಕಡೆ ತಿರುಗಿದಳು. "ಏನ್ರಿ? ನಿಮಗ ಗೊತ್ತಿತ್ತಾ ಇದು?"

ಆತ ಪಾನಾವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ.

ಶಂಕರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದಳು. "ಪಟ್ನಕ್ಕ ದಿಲ್ಲಿ ಯಾಕ ಕೊಡಬೇಕ್ರಿ ರೊಕ್ಕ? ಅವ್ರು ದುಡೀತಾರ, ಅವ್ರು ಹಾಕ್ಕೊಳ್ಳಿ ಪೈಪ."

"ಪಟ್ನದಾಗ ಇರೋರು ಪಟ್ನದವ್ರೇ ಏನವ್ವಾ? ಬೀದರದವ್ರು ಅದಾರ, ಒಡಿಶಾದವ್ರು ಅದಾರ, ನಿಮ್ಮ ಊರವ್ರೂ ಅದಾರ. ಎಲ್ಲಾರೂ ದುಡಿಲಾಕ ಅಲ್ಲೇ ಹೋಗ್ತಾರ. ಎಲ್ಲಾರ ಭಾರ ಹೊರೋ ಊರಿಗಿ ಎಲ್ಲಾರೂ ಕೂಡೇ ಕೊಡಬೇಕಾಗ್ತದ."

"ಕೊಡ್ರಿ. ಬ್ಯಾಡ ಅಂದೋರು ಯಾರು? ಆದ್ರ ಹೋದೋರಿಗಿ ನೀರು, ಉಳದೋರಿಗಿ ನಟ್ಟೇನ್ರಿ? ಹೊಳಿ ನಮ್ಮ ಬಾಗಲ ಮುಂದ ಹಾಯ್ದು ಹೋಗ್ತದ, ನಾವು ಕಣ್ಣಿಲೇ ಕುಡಿಬೇಕಾ?"

"ಹುಲಗೇರಕ್ಕ ಮನಿಮನಿಗೂ ನಳ ಕೊಟ್ಟದ್ದು ಕಾಗದದಾಗ ಅದ," ಎಂದರು ಕಾಶಿನಾಥರು.

ಹೆಂಗಸರ ಸಾಲಿನಲ್ಲಿ ನಗು ಎದ್ದಿತು. ಜಗದೇವಿ ಎಂಬ ಮೂಲೆಮನೆಯ ಹೆಂಗಸು ಮೇಡಮ್ಮಿನ ಕೈ ಹಿಡಿದೇ ಎಬ್ಬಿಸಿ ತನ್ನ ಗೋಡೆಯ ಹತ್ತಿರ ಕರೆದೊಯ್ದಳು. ಅಲ್ಲಿ ನೀಲಿ ಪೈಪಿನ ನಳ ನಿಂತಿತ್ತು; ಅದಕ್ಕೊಂದು ಆಡು ಕಟ್ಟಿತ್ತು. ಮೇಡಮ್ ತಿರುಗಿಸಿದರು. ಗಾಳಿಯೂ ಬರಲಿಲ್ಲ.

"ಆಡು ಕಟ್ಟಾಕ ಚೊಲೊ ಅದ್ರಿ," ಎಂದಳು ಜಗದೇವಿ. "ಮೂರು ವರ್ಷ ಆತು, ಒಮ್ಮೆನೂ ಕಿತ್ತಿಲ್ಲ."

ಮೇಡಮ್ ನಗಲಿಲ್ಲ. "ಇದು ಬ್ಯಾರೆ ಇಲಾಖೆ," ಎಂದರು ಮೆಲ್ಲಗೆ. ತಮ್ಮ ಮಾತು ತಮಗೇ ರುಚಿಸದವರಂತೆ ಫಾರಮ್ಮಿನ ಕಡೆ ನೋಡಿದರು. ಆಮೇಲೆ ನರಸಿಂಹುಲುವಿನ ಹತ್ತಿರ ಬಂದು ನಿಂತರು. "ಎರಡು ದಾರಿ ಅದಾವ. ಇವತ್ತ ಒಡದದ, ಇವತ್ತೇ ರಿಪೇರಿ ಆತು ಅಂತ ಬರದ್ರ ನಿನ್ನ ನೌಕರಿ ಉಳೀತದ. ಹನ್ನೊಂದ ವರ್ಷ ಅಂತ ಬರದ್ರ ನಿನ್ನ ಹೆಸರು ಮ್ಯಾಲ ಹೋಗ್ತದ. ಬಂದ್ ಅಂತೂ ಎರಡರಾಗೂ ಆಗ್ತದ. ಯಾವದು ಬರೀಲಿ?"

"ಮುಂಜಾನಿ ಒಡದದ್ದು ಮೇಡಮ್," ಎಂದು ಕಾಶಿನಾಥರು ನಡುವೆ ಬಾಯಿ ಹಾಕಿದರು. "ಹೇಳೋ ನರಸಿಂಹುಲು!"

ಆತನಿಗೆ ಮಗಳ ಗಲ್ಲಿ ಕಣ್ಣಿಗೆ ಬಂತು. ಗೋಡೆಗೆ ಒತ್ತಿ ಇಟ್ಟ ಖಾಲಿ ಬಿಂದಿಗೆಗಳು, ಅಳತೆ ಮಾಡಿ ಹೋದವರು ಎಳೆದ ಕೆಂಪು ಗೀಟು. ಎದುರಿಗೆ ನಲವತ್ತೆರಡು ಕೊಡ. ಹೆಂಡತಿಯ ಕಣ್ಣು ಇನ್ನೂ ಅವನ ಮೇಲಿಂದ ಸರಿದಿರಲಿಲ್ಲ. ಆ ಕಣ್ಣಿನಲ್ಲಿ ಸಿಟ್ಟಿದ್ದರೆ ತಡೆದುಕೊಳ್ಳಬಹುದಿತ್ತು.

ಆತ ಕಟ್ಟೆ ಹತ್ತಿದ. ಬೇವಿನ ಸೊಪ್ಪು ಸರಿಸಿ, ಕುಂಕುಮದ ಮೇಲೆ ಪಾನಾ ಕೂರಿಸಿದ.

"ಏನ್ರೀ!" ಎಂದಳು ತುಳಜಾಬಾಯಿ.

"ಸುಮ್ಕಿರು," ಎಂದ. ದನಿ ಅವನದೆನಿಸಲಿಲ್ಲ. ಮೊದಲ ಅರ್ಧ ಸುತ್ತಿಗೆ ನೀರು ಮೊಳದಿಂದ ಗೇಣಿಗಿಳಿಯಿತು. ಇನ್ನರ್ಧಕ್ಕೆ ಬೆರಳುದ್ದ. ಕೊನೆಯ ಅರ್ಧಕ್ಕೆ ಹನ್ನೊಂದು ವರ್ಷದ ತುಕ್ಕು ಕಿರುಗುಟ್ಟಿತು. ತುಂಬದೆ ಉಳಿದ ಒಂದು ಕೊಡದ ಒಳಗೆ ಹನಿ ಟಪ್ ಟಪ್ ಬೀಳುವ ಸದ್ದು, ಆಮೇಲೆ ಅದೂ ಇಲ್ಲ.

ಪಾನಾ ಹಿಡಿದೇ ಮೇಡಮ್ಮಿನ ಕಡೆ ತಿರುಗಿದ. "ಈಗ ಬರೀರಿ. ಹನ್ನೊಂದ ವರ್ಷ. ಬಿಟ್ಟೋನು ನರಸಿಂಹುಲು, ಲೈನ್‌ಮನ್."

"ಹುಚ್ಚಾ, ನೌಕರಿ ಹೋಗ್ತದೋ!" ಕಾಶಿನಾಥರ ದನಿಯಲ್ಲಿ ಈಗ ಬೈಗುಳಕ್ಕಿಂತ ಗಾಬರಿ ಹೆಚ್ಚಿತ್ತು.

"ಹೋಗ್ಲಿ ಸಾಬ್. ಇವತ್ತೇ ಒಡದದ್ದು ಅಂದ್ರ ಇಲ್ಲಿ ಯಾರೂ ನೀರು ಕುಡದೇ ಇಲ್ಲ ಅಂದಂಗ ಆಗ್ತದ. ಕುಡದಿಲ್ಲ ಅಂದ ಮ್ಯಾಲ ನಾಳಿ ಕೇಳಾಕ ಯಾವ ಬಾಯಿ?" ಮೇಡಮ್ಮಿನ ಕಡೆ ನೋಡಿದ. "ಪಟ್ನಕ್ಕ ರೊಕ್ಕ ಕೊಡ್ರಿ. ನನ್ನ ಮಗಳು ಅಲ್ಲೇ ಅದಾಳ, ಆಕಿಗಿ ನೀರು ಬರ್ಲಿ. ಆದ್ರ ಅದೇ ಕಾಗದದಾಗ ಇವ್ರನ್ನೂ ಬರೀರಿ. ಇಷ್ಟು ಮನಿ, ಈ ನೀರೇ ಕುಡದು ಬದುಕ್ಯಾವ, ಇವತ್ತ ನಾವೇ ಬಂದ್ ಮಾಡೀವಿ ಅಂತ."

"ಈ ಫಾರಮ್ಮಿನಾಗ ಅದಕ್ಕ ಜಾಗಾ ಇಲ್ಲಪ್ಪಾ."

"ಹಿಂದ ಖಾಲಿ ಅದ ಅಲ್ರಿ."

ಮೇಡಮ್ ಫಾರಮ್ ಮಗುಚಿದರು. ಬಿಳಿ ಹಾಳೆ. "ಬರದ್ರ ಕೆಲಸ ಆಗೇ ಆಗ್ತದ ಅಂತ ನಾ ಹೇಳಂಗಿಲ್ಲ," ಎಂದು ಪೆನ್ನಿನ ಮುಚ್ಚಳ ತೆಗೆದರು.

ಮೊದಲು ಶಂಕರಮ್ಮ ಬಂದಳು. ಪಾಳಿ ತಪ್ಪಿಸಿ ಮುಂದೆ ಬಂದದ್ದಕ್ಕೆ ಈ ಸಲ ಯಾರೂ ಬೈಯಲಿಲ್ಲ. ಹೆಸರು ಹೇಳಿದಳು. ಜಗದೇವಿ ಹೇಳಿದಳು. ಸುಂದರಬಾಯಿ, ಯಶೋಧಾ, ಅವರ ಅತ್ತೆಯರು, ಕೊಡ ಕಂಕುಳಲ್ಲೇ ಇಟ್ಟುಕೊಂಡು ಒಬ್ಬೊಬ್ಬರಾಗಿ. ನೀರಿಗೆ ನಿಂತ ಪಾಳಿಯೇ ಹಾಗೇ ಹೆಸರಿಗೆ ಹೊರಳಿತು. ಕೊನೆಗೆ ತುಳಜಾಬಾಯಿ.

"ವಿಳಾಸ?" ಮೇಡಮ್ ಕೇಳಿದರು.

"ಪಟ್ನದ ಪೈಪಿನ ಬಾಜೂಕ," ಎಂದಳು. ಗಂಡನ ಕಡೆ ನೋಡದೆ ಆರತಿ ತಟ್ಟೆಯನ್ನು ಎತ್ತಿಕೊಂಡು ಮನೆಯ ಕಡೆ ನಡೆದಳು. ನಾಲ್ಕು ಹೆಜ್ಜೆ ಹೋಗಿ ನಿಂತು, ತಿರುಗದೆಯೇ, "ಊಟಕ್ಕ ಬರ್ರಿ," ಎಂದಳು.

ಗಾಡಿ ಹೊರಡುವ ಮೊದಲು ಕಾಶಿನಾಥರು ಕೈ ಚಾಚಿದರು. ಪಾನಾ ಇಲಾಖೆಯದು. ನರಸಿಂಹುಲುವಿನ ಕೈತುಂಬ ತುಕ್ಕು, ಅರಿಶಿನ, ಕುಂಕುಮ. ಹಾಗೇ ಕೊಡಬಾರದೆಂದು ತೊಳೆಯಲು ವಾಲಿನ ಕಡೆ ತಿರುಗಿದ. ಹನ್ನೊಂದು ವರ್ಷದ ರೂಢಿ. ಕೈ ತಾನಾಗಿಯೇ ಮುಂದೆ ಹೋಗಿತ್ತು.

ಬೆರಳಿಗೆ ನೀರು ತಾಗಲಿಲ್ಲ. ಆಮೇಲೆ ಪಾನಾವನ್ನು ಅಂಗಿಯ ಅಂಚಿಗೆ ಒರೆಸಿ ಕೊಟ್ಟ.