ಎರಡು ದಿನ ನೆನೆದ ಸ್ಟೇಕ್

“ಕಡಿಯೋದು ನಿನ್ನ ಕೆಲಸ, ಕಡಿ. ಎಂಟನೇ ಕ್ಲಾಸಿಗೇ ಸ್ಕೂಲಿಗೆ ಕೈ ಮುಗಿದು ಬಂದವನಿಗೆ ಮ್ಯಾರಿನೇಡ್ ಎಲ್ಲಿ ಅರ್ಥ ಆಗ್ಬೇಕು!”

ಇಷ್ಟು ಹೇಳಿ ಭಾವ ನಕ್ಕರು. ಮೇಜಿನ ಸುತ್ತ ಕೂತ ಮೂವರು ಅತಿಥಿಗಳೂ ನಕ್ಕರು. ಉಣ್ಣಲು ಬಂದವರು ಮನೆಯೊಡೆಯನ ಜೋಕಿಗೆ ನಗದೆ ಇನ್ನೇನು ಮಾಡಿಯಾರು?

ಮಾಂಸದಂಗಡಿಯಲ್ಲಿ ಆರು ವರ್ಷ ಕತ್ತಿ ಹಿಡಿದ ಭಾಮೈದನ ಕಿವಿ ಕೆಂಪಾಯಿತು. ಆದರೂ ತಲೆ ತಗ್ಗಿಸಿ ತನ್ನ ಕತ್ತಿ ಒರೆಸತೊಡಗಿದ. ಅತಿಥಿಗಳಲ್ಲಿ ಒಬ್ಬರು ಹೋಟೆಲಿನ ಮೇಡಂ. ಸ್ಟೇಕ್ ಎನ್ನುವ ದಪ್ಪ ಮಾಂಸದ ತುಂಡು ಸುಡಲು ಅವರಿಗೊಬ್ಬ ಆಳು ಬೇಕಿತ್ತು. ಭಾವ ಒಂದು ಮಾತು ಹೇಳಿದರೆ ಆ ಕೆಲಸ ಇವನದು. ಎರಡು ತಿಂಗಳಿಂದ ಆ ಒಂದು ಮಾತಿಗೇ ಕಾಯುತ್ತಿದ್ದ.

ಅವನು ಅಂದದ್ದಾದರೂ ಏನು? “ಭಾವ, ಪಪ್ಪಾಯಿಕಾಯಿ ಹಾಕಿ ಎರಡು ದಿನ ಇಟ್ರೆ ಮಾಂಸ ಹಿಟ್ಟಾಗಿಬಿಡುತ್ತೆ” ಅಂತ. ಅಷ್ಟೇ.

ಭಾವ ಆಫೀಸಿನಲ್ಲಿ ಸೂಪರಿಂಟೆಂಡೆಂಟು. ಮೂರು ಸಹಿ ಬೀಳದೆ ಒಂದು ಕಾಗದವೂ ಅವರ ಮೇಜು ದಾಟುವುದಿಲ್ಲ. ಅಡುಗೆಗೂ ಅದೇ ಕಾನೂನು. ಮಾಂಸ ಮೆದುವಾಗಲು ಪಪ್ಪಾಯಿಕಾಯಿ ಅಂತ ಒಂದು ವಿಡಿಯೋ, ಅನಾನಸ್ ಅಂತ ಇನ್ನೊಂದು, ವಿನೆಗರ್ ಅಂತ ಮತ್ತೊಂದು. ಒಂದನ್ನು ಆರಿಸುವ ಹೊಣೆ ಯಾರಿಗೆ ಬೇಕು? ಮೂರನ್ನೂ ಸುರಿದು ಮಾಂಸ ನೆನೆಹಾಕಿದರು; ಇದೇ ಅವರ ಮ್ಯಾರಿನೇಡು. ಡಬ್ಬಿಯ ಮೇಲೆ ತಾರೀಖು, ಗಂಟೆ ಬರೆದ ಚೀಟಿ ಅಂಟಿಸಿ, ಕೆಳಗೆ ಸಹಿಯನ್ನೂ ಹಾಕಿದರು. ಎರಡು ದಿನ ಅಕ್ಕ ಫ್ರಿಜ್ಜಿನಿಂದ ಹಾಲು ತೆಗೆಯಲೂ ಅನುಮತಿ ಕೇಳಬೇಕಾಯಿತು.

ಈಗ ಹೊಸ ಏಪ್ರನ್ ಕಟ್ಟಿಕೊಂಡು ಭಾವ ತುಂಡನ್ನು ಕಾವಲಿಗೆ ಇಳಿಸಿದರು. ಚುರ್ ಎನ್ನಲಿಲ್ಲ. ಬೂದು ಬಣ್ಣದ ನೀರು ಬಿಟ್ಟುಕೊಂಡು ಕೊತಕೊತ ಕುದಿಯಿತು. ಇಕ್ಕಳದಲ್ಲಿ ಎತ್ತಿದರೆ ಅರ್ಧ ಮೇಲೆ ಬಂತು, ಅರ್ಧ ಕಾವಲಿಯಲ್ಲೇ ಉಳಿಯಿತು. ಉಳಿದ ತುಂಡುಗಳದೂ ಅದೇ ಪಾಡು. ತಟ್ಟೆಗೆ ಬಿದ್ದದ್ದನ್ನು ನೋಡಿ ಆಫೀಸಿನ ಗುಮಾಸ್ತ ಯಾವ ಕುಹಕವೂ ಇಲ್ಲದೆ ಕೇಳಿದ, “ಸಾರ್, ಒಂದು ಚಮಚ ಸಿಗುತ್ತಾ?”

“ಮಾಂಸ ಹಳೇದು ಮೇಡಂ,” ಭಾವ ಹಣೆ ಒರೆಸಿಕೊಂಡರು. “ನಮ್ಮ ಭಾಮೈದ ತಂದಿದ್ದು. ನಮ್ಮವನು ಅಂತ ನಂಬಿದ್ದೇ ತಪ್ಪಾಯ್ತು.”

ಓದಿಲ್ಲ ಎಂದಿದ್ದನ್ನು ಭಾಮೈದ ನುಂಗಿಕೊಂಡಿದ್ದ. ಇದು ಗಂಟಲಲ್ಲಿ ಇಳಿಯಲಿಲ್ಲ. ಅಕ್ಕನಿಗೆಂದು ಅವತ್ತು ಬೆಳಗ್ಗೆ ತಂದ ದಪ್ಪ ತುಂಡೊಂದು ಚೀಲದಲ್ಲಿತ್ತು. ಅದನ್ನು ತೆಗೆದು ಬಟ್ಟೆಯಲ್ಲಿ ಒತ್ತಿ ನೀರು ಆರಿಸಿದ. ನಾಲ್ಕು ಎಸಳು ಬೆಳ್ಳುಳ್ಳಿ ಜಜ್ಜಿ, ಕರಿಮೆಣಸು ಕುಟ್ಟಿ, ಉಪ್ಪು, ಎಣ್ಣೆ, ತುರಿದ ನಿಂಬೆ ಸಿಪ್ಪೆ ಸೇರಿಸಿ ಎರಡೂ ಬದಿಗೆ ತಿಕ್ಕಿಟ್ಟ.

“ಅವರಿಗೆ ಬೇಜಾರಾಗುತ್ತೆ ಕಣೋ,” ಅಕ್ಕ ಪಿಸುಗುಟ್ಟಿದಳು.

“ಹಸಿವೂ ಆಗಿರುತ್ತೆ ಬಿಡಕ್ಕ.”

ಅರ್ಧ ಗಂಟೆ ಭಾವ ಹಳೇ ಮಾಂಸದ ಲಕ್ಷಣಗಳ ಬಗ್ಗೆ ಭಾಷಣ ಮಾಡಿದರು. ಆಮೇಲೆ ಅಡುಗೆಮನೆಯಿಂದ ಚುರ್ ಎಂಬ ಸದ್ದೂ ಬೆಳ್ಳುಳ್ಳಿಯ ಘಮವೂ ಬಂದು ಅವರ ಮಾತು ತಡೆದವು. ಇಳಿಸಿದ ತುಂಡನ್ನು ಐದು ನಿಮಿಷ ಸುಮ್ಮನೆ ಬಿಟ್ಟು, ಹೋಳು ಮಾಡಿ ಮೇಜಿಗೆ ತಂದಿಟ್ಟ. ಮೇಡಂ ಒಂದು ಹೋಳು ತಿಂದರು, ಇನ್ನೊಂದಕ್ಕೆ ಕೈ ಹಾಕಿದರು. ಭಾವ ಮೂರು ತಿಂದರು.

“ನೋಡಿದ್ರಾ? ಇದೇ ನನ್ನ ವಿಧಾನ. ಹೇಳಿ ಹೇಳಿ ಕೊನೆಗೂ ಇವನ ತಲೆಗೆ ಹೋಯ್ತು!”

ಮೇಡಂ ಅವನ ಕಡೆ ತಿರುಗಿದರು. “ನಾಳೆಯಿಂದ ಬರ್ತೀಯೇನಪ್ಪಾ? ಸಾರ್, ನಿಮ್ಮ ಮಾತಿನ ಮೇಲೆ ತಗೋತೀನಿ. ನೀವು ಹ್ಞೂಂ ಅಂದ್ರೆ ಸರಿ.”

“ಧಾರಾಳವಾಗಿ! ನಾನೇ ಕರ್ಕೊಂಡು ಬಂದು ಬಿಡ್ತೀನಿ,” ಭಾವ ಕುರ್ಚಿಗೆ ಒರಗಿದರು. “ಏನೋ, ಇದನ್ನ ನಿಂಗೆ ಯಾರು ಕಲಿಸಿದ್ದು ಅಂತ ಮೇಡಂಗೆ ಒಂದು ಮಾತು ಹೇಳು.”

ಎಲ್ಲರೂ ಅವನನ್ನೇ ನೋಡಿದರು. ಬಾಗಿಲಲ್ಲಿ ನಿಂತ ಅಕ್ಕ, ಹೇಳಿಬಿಡೋ ಮಹಾರಾಯ ಎಂದು ಕಣ್ಣಲ್ಲೇ ಬೇಡಿದಳು. ಬೇಕಿದ್ದದ್ದು ‘ಭಾವ’ ಎಂಬ ಒಂದೇ ಪದ. ಅದೂ ದಿನಕ್ಕೆ ಹತ್ತು ಸಲ ಕರೆಯುವ ಪದ.

ಅವನು ಅಡುಗೆಮನೆಗೆ ಹೋಗಿ ತನ್ನ ಕತ್ತಿ ತೊಳೆದು, ಒರೆಸಿ, ಬಟ್ಟೆಯಲ್ಲಿ ಸುತ್ತಿಕೊಂಡ. ಮೇಜಿನ ಪಕ್ಕದಲ್ಲೇ ಹಾದು ಚಪ್ಪಲಿ ಮೆಟ್ಟಿದ.

“ಏಯ್, ಕೇಳಿದ್ದು ಕೇಳಿಸ್ಲಿಲ್ವೇನೋ?”

ಅವನು ಆಗಲೇ ಮೆಟ್ಟಿಲಿಳಿಯುತ್ತಿದ್ದ.