ಸ್ಪಂಜಿನ ಲೋಳೆ

ಮಹಾನವಮಿ ಹತ್ತಿರ ಬಂತೆಂದರೆ ನಮ್ಮತ್ತೆ ಗಾಳೆಮ್ಮನನ್ನು ಹಿಡಿಯುವವರಿಲ್ಲ. ಮನೆಯಲ್ಲಿ ತೊಳೆಯದ ವಸ್ತು ಒಂದೂ ಉಳಿಯುವಂತಿಲ್ಲ. ಈ ಸಲ ಕೌದಿ, ಚಾಪೆ ಎಲ್ಲ ಗಂಟು ಕಟ್ಟಿ ಕಾಲುವೆಗೆ ಹೊತ್ತವಳು, ಮೀನಿನ ತೊಟ್ಟಿಯ ಫಿಲ್ಟರಿನಲ್ಲಿದ್ದ ಸ್ಪಂಜನ್ನೂ ಬಿಡಲಿಲ್ಲ. ಸೋಪಿನ ಪುಡಿ ಹಾಕಿ ಕಲ್ಲಿಗೆ ಬಡಿದು, ಬ್ಲೀಚಿಂಗ್ ಪೌಡರಿನಲ್ಲಿ ನೆನೆಸಿ ತಂದು ಸಿಕ್ಕಿಸಿದಳು.

ಮೀನು ನಮ್ಮದಾಗಿದ್ದರೆ ಹಾಳಾಗಿ ಹೋಗಲಿ ಎನ್ನುತ್ತಿದ್ದೆ. ನನ್ನ ಗಂಡ ಹುಲಿಗೆಪ್ಪ ಗಂಗಾವತಿಯ ಒಂದು ರೈಸ್ ಮಿಲ್ಲಿನ ಮಾಲೀಕರ ಕಾರು ಓಡಿಸುತ್ತಾನೆ. ಅವರು ಮನೆಗೆ ಬಣ್ಣ ಹೊಡೆಸುವಷ್ಟು ದಿನ ಆ ಬೆಳ್ಳಿ ಬಣ್ಣದ ಉದ್ದನೆಯ ಮೀನನ್ನು ತೊಟ್ಟಿ ಸಮೇತ ನಮ್ಮ ಪಡಸಾಲೆಗೆ ಇಳಿಸಿದ್ದರು. ಅದು ಬಂದ ಮೇಲೇ ಮಿಲ್ಲು ಕುದುರಿತೆಂದು ಅವರ ನಂಬಿಕೆ. ಕಾರಿಗೆ ಗೀರು ಬಿತ್ತೆಂದು ಹಿಂದಿನ ಡ್ರೈವರನನ್ನು ನಿಂತ ಕಾಲಲ್ಲಿ ಕೆಲಸದಿಂದ ಬಿಡಿಸಿದ ಮನುಷ್ಯ ಅವರು. ಮೀನು ಸತ್ತರೆ ನಮ್ಮನ್ನು ಉಳಿಸಿಯಾರೇ?

ನೀರೇನೋ ತಿಳಿಯಾಗಿ ಹೊಳೆಯಿತು. ಅತ್ತೆ ಬೀಗಿದಳು. ಆದರೆ ದಿನ ಕಳೆದಂತೆ ಮೀನು ಮೇವು ಮುಟ್ಟದಾಯಿತು. ಮೇಲಕ್ಕೆ ಬಂದು ಬಾಯಿ ತೆರೆದು ಗಾಳಿ ಎಳೆಯತೊಡಗಿತು. ಕಿವಿರುಗಳು ಕೆಂಪಗೆ ಊದಿದವು. ಅದೇ ಹೊತ್ತಿಗೆ ಮಾಲೀಕರ ಫೋನ್: “ಬಣ್ಣ ಮುಗೀತು. ಸಂಜಿಗೆ ಮಿಲ್ಲಿನ ಟೆಂಪೊ ತೊಗೊಂಡು ಬರ್ತೀನಿ, ತೊಟ್ಟಿ ತಯಾರಿಡ್ರಿ.”

ಸಾಕುವ ಮೀನು ಮಾರುವ ಅಂಗಡಿಯ ಫಾರೂಕನಿಗೆ ಫೋನ್ ಹಚ್ಚಿ ಮೀನಿನ ಸ್ಥಿತಿ ಹೇಳಿದೆ.

“ಸ್ಪಂಜ್ ತೊಳದ್ರೇನ್ರಿ ಅಕ್ಕಾರ?” ಎಂದ ಅವನು. “ಆ ಲೋಳಿಯಾಗ ಕಣ್ಣಿಗೆ ಕಾಣದ ಜೀವ ಇರ್ತಾವ್ರಿ. ಮೀನಿನ ಹೊಲಸು ವಿಷ ಆಗ್ತೈತಿ, ಅದನ್ನ ತಿಂದು ನೀರು ಚೊಕ್ಕ ಇಡೋದು ಅವೇ. ಅವನ್ನೆಲ್ಲಾ ಕೊಂದೀರಿ. ಅರ್ಧ ನೀರು ಬದಲಿ ಮಾಡ್ರಿ. ನನ್ನ ತೊಟ್ಟಿದು ಹಳೇ ಸ್ಪಂಜ್ ಕೊಡ್ತೀನಿ, ಒಯ್ದು ಹಾಕ್ರಿ. ಒಣಗಸಬ್ಯಾಡ್ರಿ, ತೊಳೀಬ್ಯಾಡ್ರಿ.”

ಹುಲಿಗೆಪ್ಪ ಓಡಿದ. ನಾನು ಬಕೆಟಿನಿಂದ ನೀರು ತೆಗೆಯುತ್ತಿದ್ದೆ. ಅವನು ಕಪ್ಪು ಲೋಳೆ ಸುರಿಯುವ ಸ್ಪಂಜಿನ ಚೀಲ ತಂದು ಹೊರಗಿನ ಕಟ್ಟೆಯ ಮೇಲಿಟ್ಟು, ನನ್ನ ಕೈಯಿಂದ ಬಕೆಟ್ ಇಸಿದುಕೊಂಡ. ಇಬ್ಬರೂ ಹೊಸ ನೀರು ತುಂಬಿ ಹೊರಗೆ ಬಂದರೆ, ಕಟ್ಟೆಯ ಮೇಲೆ ಚೀಲವೊಂದೇ ಇತ್ತು.

ಬಚ್ಚಲಿನಿಂದ ಬ್ಲೀಚಿಂಗ್ ವಾಸನೆ ಬಂತು.

“ಹಬ್ಬದ ಮನ್ಯಾಗ ಎಂಥಾ ಹೊಲಸು ತಂದಿಟ್ಟೀರಿ!” ಎನ್ನುತ್ತಾ ಅತ್ತೆ ಹೊರಗೆ ಬಂದಳು. ಕೈಯಲ್ಲಿ ಸ್ಪಂಜು. “ತಿಕ್ಕಿ ತಿಕ್ಕಿ ಕೈ ಸೋತು ಹೋದ್ವು ನೋಡು.”

“ಅಯ್ಯ, ಹಾಳ್ ಮಾಡಿದ್ರಲ್ರೀ ಅತ್ತೀ! ನಮ್ಮ ಹೊಟ್ಟಿ ಮ್ಯಾಲೆ ಹೊಡದ್ರಿ!” ಜೀವಮಾನದಲ್ಲಿ ಮೊದಲ ಸಲ ಅವಳ ಮೇಲೆ ಚೀರಿದೆ. ಅವಳು ಏನೂ ತಿಳಿಯದೆ ಮಗನ ಮುಖ ನೋಡಿದಳು.

ಹುಲಿಗೆಪ್ಪ ಬಯ್ಯಲಿಲ್ಲ. ಒಳಗೆ ಮೀನು ಒಂದು ಮಗ್ಗುಲಿಗೆ ವಾಲಿತ್ತು. ಅವನು ಜೇಬಿನಿಂದ ಮಾಲೀಕರ ಕಾರಿನ ಕೀಲಿ ತೆಗೆದು ನನ್ನ ಅಂಗೈಯಲ್ಲಿಟ್ಟ.

“ಅವ್ರು ಕೇಳೂ ಮುಂಚೆ ಕೊಟ್ಟುಬಿಡು” ಎಂದ.

ಓಣಿಯ ತಿರುವಿನಲ್ಲಿ ಟೆಂಪೊ ಹಾರ್ನ್ ಹಾಕಿತು. ಅತ್ತೆ ಸೆರಗಿನಿಂದ ಕೈ ಒರೆಸಿಕೊಂಡಳು.

“ಬರ್ಲಿ ಬಿಡೋ” ಎಂದಳು, “ಮನಿ ಹೆಂಗೂ ಸ್ವಚ್ಛ ಐತಿ.”